ಶಿಲೀಂಧ್ರವನ್ನು ತಿಂದು ಬದುಕುವ ಶಿಲೀಂಧ್ರಗಳು

ಮುಂಗಾರಿಗೆ ಮುಂಚಿನ ವಾರಗಳಲ್ಲಿ ಮಲೆನಾಡಿನ ಯಾವುದೇ ಗೊಬ್ಬರದ ಅಂಗಡಿಗೆ ಹೋದರೂ ಟ್ರೈಕೋಡರ್ಮಾ ಎಂದು ಬರೆದ ಪೊಟ್ಟಣಗಳು ಕಾಣಸಿಗುತ್ತವೆ. ಕಾಳುಮೆಣಸು, ಶುಂಠಿ, ಏಲಕ್ಕಿ ಬೆಳೆಯುವವರು ಅದನ್ನು ಕೊಂಡೊಯ್ದು ಗಿಡದ ಬುಡಕ್ಕೆ ಹಾಕುತ್ತಾರೆ. ಮಳೆಗಾಲ ಮುಗಿಯುವ ಹೊತ್ತಿಗೆ ಅವರಲ್ಲಿ ಕೆಲವರಾದರೂ "ಟ್ರೈಕೋಡರ್ಮಾ ಹಾಕಿದ್ದೆವು, ಆದರೂ ಬಳ್ಳಿ ಸೊರಗಿಹೋಯಿತು" ಎನ್ನುತ್ತಾರೆ. ಈ ಮಾತನ್ನು ನಾನು ಎಷ್ಟೋ ತೋಟಗಳಲ್ಲಿ ಕೇಳಿದ್ದೇನೆ, ಹೇಳಿದವರು ಸುಳ್ಳು ಹೇಳಿದ್ದಾರೆಂದು ನನಗೆ ಒಮ್ಮೆಯೂ ಅನಿಸಿಲ್ಲ. ಪೊಟ್ಟಣದೊಳಗೆ ಇರುವುದು ಒಂದು ಶಿಲೀಂಧ್ರ, ಅಂದರೆ ಒಂದು ಜೀವಿ, ಅದಕ್ಕೂ ಹಸಿವೆಯಿದೆ, ಅದಕ್ಕೂ ಇರಲು ತಾವು ಬೇಕು ಎಂಬ ವಿಷಯವನ್ನು ಪೊಟ್ಟಣದ ಮೇಲಿನ ಬರಹ ಹೇಳುವುದಿಲ್ಲ. ರೋಗಕಾರಕ ಶಿಲೀಂಧ್ರಗಳ ಮೇಲೆ ಬೆಳೆದು ಅವನ್ನೇ ತಿಂದು ಬದುಕುವ ಶಿಲೀಂಧ್ರಗಳು ಹಲವಿವೆ. ಅವುಗಳಲ್ಲಿ ಯಾವುದು ರೈತನ ಕೈಗೆ ಒದಗುತ್ತದೆ, ಎಲ್ಲಿ ಮತ್ತು ಯಾವಾಗ ಒದಗುತ್ತದೆ ಎಂಬುದೆಲ್ಲ ಅದು ಏನನ್ನು ತಿನ್ನುತ್ತದೆ ಎಂಬ ಒಂದು ಸಂಗತಿಯ ಮೇಲೆ ನಿಂತಿದೆ ಎಂಬುದು ಇಷ್ಟು ವರ್ಷ ಇವನ್ನು ಓದುತ್ತ, ನೋಡುತ್ತ ಬಂದ ನನ್ನ ಅಭಿಪ್ರಾಯ.

ಟ್ರೈಕೋಡರ್ಮಾ ಎಂಬ ಕುಲಕ್ಕೆ ಆ ಹೆಸರನ್ನು ಪರ್ಸೂನ್ ಎಂಬ ಶಿಲೀಂಧ್ರತಜ್ಞ 1794ರಲ್ಲಿಯೇ ಇಟ್ಟಿದ್ದರೂ, ಅದು ಬೇರೆ ಶಿಲೀಂಧ್ರಗಳನ್ನು ಕೊಲ್ಲಬಲ್ಲದು ಎಂದು ಸ್ಪಷ್ಟವಾದದ್ದು 1932ರಲ್ಲಿ. ಕ್ಯಾಲಿಫೋರ್ನಿಯಾದಲ್ಲಿ ಕಿತ್ತಳೆ ಜಾತಿಯ ಸಸಿಗಳ ಬೇರು ಮತ್ತು ಬುಡದ ರೋಗಗಳನ್ನು ಅಭ್ಯಾಸ ಮಾಡುತ್ತಿದ್ದ ರಿಚರ್ಡ್ ವೈಂಡ್ಲಿಂಗ್, ಸಸಿಗಳನ್ನು ಸಾಯಿಸುವ ರೈಜೋಕ್ಟೋನಿಯಾ ಸೊಲಾನಿ ಎಂಬ ಶಿಲೀಂಧ್ರದ ಎಳೆಗಳಿಗೆ ಟ್ರೈಕೋಡರ್ಮಾದ ಸಣ್ಣ ಎಳೆಗಳು ಸುರುಳಿಯಾಗಿ ಸುತ್ತಿಕೊಳ್ಳುವುದನ್ನೂ, ಸುತ್ತಿಸಿಕೊಂಡ ಎಳೆಯ ಒಳಗಿನ ಜೀವದ್ರವ್ಯ ಕರಗಿ ಬರಿದಾಗುವುದನ್ನೂ ಸೂಕ್ಷ್ಮದರ್ಶಕದಲ್ಲಿ ಕಂಡು ಬರೆದರು. ಎರಡು ವರ್ಷಗಳ ನಂತರ, ಸುತ್ತಿಕೊಳ್ಳದೆಯೂ ದೂರದಿಂದಲೇ ಕೊಲ್ಲುವ ಒಂದು ವಿಷವಸ್ತುವನ್ನು ಅದು ಸ್ರವಿಸುತ್ತದೆಂದು ತೋರಿಸಿದರು. ಮುಂದೆ ಗ್ಲಿಯೋಟಾಕ್ಸಿನ್ ಎಂದು ಹೆಸರಾದದ್ದು ಅದೇ. ಸುತ್ತುವುದು, ಕರಗಿಸುವುದು, ವಿಷ ಬಿಡುವುದು ಎಂಬ ಈ ಮೂರೂ ಕ್ರಿಯೆಗಳು ಒಂದೇ ಜೀವಿಯಲ್ಲಿ ಇರುವುದು ಇಂದಿಗೂ ನನ್ನನ್ನು ಬೆರಗುಗೊಳಿಸುತ್ತದೆ.

ಆ ಸುತ್ತಿಕೊಳ್ಳುವ ಕ್ರಿಯೆಯ ಬಗ್ಗೆ ಇನ್ನಷ್ಟು ಹೇಳಬೇಕು, ಏಕೆಂದರೆ ಅದು ಕುರುಡಾಗಿ ನಡೆಯುವ ಕೆಲಸವಲ್ಲ. ಟ್ರೈಕೋಡರ್ಮಾ ಬೆಳೆಯುತ್ತ ಸಾಗುವಾಗಲೇ, ಶಿಲೀಂಧ್ರಗಳ ಕೋಶಭಿತ್ತಿಯಲ್ಲಿರುವ ಕೈಟಿನ್ ಎಂಬ ವಸ್ತುವನ್ನು ಕರಗಿಸುವ ಕಿಣ್ವವನ್ನು ಅತಿ ಸ್ವಲ್ಪ ಪ್ರಮಾಣದಲ್ಲಿ ಸುತ್ತಲಿನ ತೇವಕ್ಕೆ ಬಿಡುತ್ತಿರುತ್ತದೆ. ಸಮೀಪದಲ್ಲಿ ಇನ್ನೊಂದು ಶಿಲೀಂಧ್ರವಿದ್ದರೆ ಅದರ ಕೋಶಭಿತ್ತಿಯಿಂದ ಚೂರುಗಳು ಕಳಚಿ ತೇವದಲ್ಲಿ ಹರಡುತ್ತವೆ, ಆ ಚೂರುಗಳು ತಾಗಿದೊಡನೆ ಟ್ರೈಕೋಡರ್ಮಾ ಹೆಚ್ಚು ಕಿಣ್ವವನ್ನು ತಯಾರಿಸತೊಡಗುತ್ತದೆ. ಅಂದರೆ ಮುಟ್ಟುವ ಮೊದಲೇ ಅದಕ್ಕೆ ಬೇಟೆಯ ಸುಳಿವು ಸಿಕ್ಕಿರುತ್ತದೆ. ಮುಟ್ಟಿದ ಮೇಲೆ ಗುರುತು ಹಿಡಿಯುವುದು ಹೇಗೆ ಎಂಬುದಕ್ಕೆ ಇಸ್ರೇಲಿನ ಇಲಾನ್ ಖೇಟ್ ಮತ್ತು ಅವರ ಸಹೋದ್ಯೋಗಿ ಇನ್ಬಾರ್ 1992ರಲ್ಲಿ ಒಂದು ಸುಂದರ ಪ್ರಯೋಗ ಮಾಡಿದರು. ನಮ್ಮಲ್ಲಿ ಶೇಂಗಾ ಗಿಡದ ಬುಡ ಕೊಳೆಯಿಸುವ, ಸಾಸಿವೆ ಕಾಳಿನಂತಹ ಗಟ್ಟಿ ಉಂಡೆಗಳನ್ನು ಮಣ್ಣಿನಲ್ಲಿ ಬಿಟ್ಟುಹೋಗುವ ಸ್ಕ್ಲೆರೋಷಿಯಂ ರಾಲ್ಫ್ಸಿ ಎಂಬ ಶಿಲೀಂಧ್ರದ ಮೈಮೇಲಿರುವ ಲೆಕ್ಟಿನ್ ಎಂಬ ಪ್ರೋಟೀನನ್ನು ತೆಗೆದು ಅವರು ಅದನ್ನು ನೈಲಾನ್ ದಾರಕ್ಕೆ ಲೇಪಿಸಿದರು. ಟ್ರೈಕೋಡರ್ಮಾ ಆ ನಿರ್ಜೀವ ದಾರವನ್ನೂ ಶಿಲೀಂಧ್ರದ ಎಳೆಯೆಂದೇ ತಿಳಿದು ಸುತ್ತಿಕೊಂಡಿತು. ಲೇಪವಿಲ್ಲದ ದಾರಕ್ಕೆ ಅದು ಹಾಗೆ ಸುತ್ತಿಕೊಳ್ಳಲಿಲ್ಲ. ಸುತ್ತಿಕೊಂಡ ನಂತರ ಅಲ್ಲಲ್ಲಿ ಎಳೆಯ ತುದಿ ಉಬ್ಬಿ ಬೇಟೆಯ ಗೋಡೆಗೆ ಒತ್ತಿಕೊಳ್ಳುತ್ತದೆ. ಆಗ ಕೈಟಿನ್, ಗ್ಲೂಕನ್ ಮತ್ತು ಪ್ರೋಟೀನುಗಳನ್ನು ಕರಗಿಸುವ ಕಿಣ್ವಗಳು ಒಟ್ಟಾಗಿ ಕೆಲಸ ಮಾಡಿ ಗೋಡೆಯಲ್ಲಿ ತೂತು ತೆರೆಯುತ್ತವೆ.

ಈ ಕುಲದ ಇತಿಹಾಸದಲ್ಲಿ ಇನ್ನೊಂದು ವಿಚಿತ್ರ ಅಧ್ಯಾಯವಿದೆ. ಎರಡನೆಯ ಮಹಾಯುದ್ಧದ ಕಾಲದಲ್ಲಿ ಸಾಲೊಮನ್ ದ್ವೀಪಗಳಲ್ಲಿದ್ದ ಅಮೆರಿಕದ ಸೈನ್ಯದ ಹತ್ತಿಯ ಡೇರೆಗಳು ಕಂಡುಕೇಳರಿಯದ ವೇಗದಲ್ಲಿ ಕೊಳೆಯುತ್ತಿದ್ದವು. ಅದಕ್ಕೆ ಕಾರಣವಾದ ಶಿಲೀಂಧ್ರವನ್ನು ಪ್ರತ್ಯೇಕಿಸಿ ಪ್ರಯೋಗಾಲಯಕ್ಕೆ ತಂದರು, ಅದರ ಮೇಲೆ ದೀರ್ಘಕಾಲ ಕೆಲಸ ಮಾಡಿದ ಎಲ್ವಿನ್ ರೀಸ್ ಅವರ ನೆನಪಿಗೆ ಅದು ಟ್ರೈಕೋಡರ್ಮಾ ರೀಸೈ ಎಂದಾಯಿತು. ಇಂದು ಜೀನ್ಸ್ ಬಟ್ಟೆಗೆ ಮಾಸಿದ ಬಣ್ಣ ಕೊಡುವುದಕ್ಕೂ, ಸಸ್ಯತ್ಯಾಜ್ಯದಿಂದ ಎಥನಾಲ್ ತಯಾರಿಸುವುದಕ್ಕೂ ಬಳಸುವ, ಸಸ್ಯದ ನಾರನ್ನು ಕರಗಿಸುವ ಸೆಲ್ಯುಲೇಸ್ ಕಿಣ್ವದ ಬಹುಭಾಗ ಇದರಿಂದಲೇ ಬರುತ್ತದೆ. ಹಾಗಾದರೆ ಟ್ರೈಕೋಡರ್ಮಾ ಮೂಲತಃ ಮರ, ನಾರು, ಕಸ ತಿನ್ನುವ ಜೀವಿಯೇ, ಅಥವಾ ಶಿಲೀಂಧ್ರಗಳನ್ನು ತಿನ್ನುವ ಜೀವಿಯೇ? ಮೂರು ಪ್ರಭೇದಗಳ ಜೀನೋಮುಗಳನ್ನು ಹೋಲಿಸಿ 2011ರಲ್ಲಿ ಪ್ರಕಟವಾದ ಅಧ್ಯಯನವು ಶಿಲೀಂಧ್ರಗಳ ಮೇಲಿನ ಪರಾವಲಂಬನೆಯೇ ಈ ಕುಲದ ಮೂಲ ಜೀವನಕ್ರಮವೆಂದು ತೀರ್ಮಾನಿಸಿತು. 2018ರಲ್ಲಿ ಬಂದ ಇನ್ನೊಂದು ಅಧ್ಯಯನ ಅದಕ್ಕಿಂತ ಮುಂದೆ ಹೋಗಿ, ಸಸ್ಯದ ಕೋಶಭಿತ್ತಿಯನ್ನು ಕರಗಿಸುವ ಜೀನುಗಳಲ್ಲಿ ಬಹಳಷ್ಟನ್ನು ಟ್ರೈಕೋಡರ್ಮಾದ ಪೂರ್ವಜರು ತಾವು ಬೇಟೆಯಾಡುತ್ತಿದ್ದ, ಸಸ್ಯಗಳ ಮೇಲೆ ಬದುಕುವ ಶಿಲೀಂಧ್ರಗಳಿಂದಲೇ ಪಡೆದುಕೊಂಡರು ಎಂಬ ಪುರಾವೆಯನ್ನು ಮುಂದಿಟ್ಟಿತು. ಬೇಟೆಯನ್ನು ತಿನ್ನುತ್ತ ತಿನ್ನುತ್ತ ಬೇಟೆಯ ಆಹಾರವನ್ನು ತಿನ್ನುವ ಶಕ್ತಿಯನ್ನೂ ಅದು ಗಳಿಸಿಕೊಂಡಿತು.

ಈ ಸಂಗತಿಯನ್ನು ನಾನು ಕುತೂಹಲಕ್ಕಾಗಿ ಹೇಳುತ್ತಿಲ್ಲ. ಟ್ರೈಕೋಡರ್ಮಾ ರೈತನಿಗೆ ಒದಗಿಬರುವುದು ಅದಕ್ಕೆ ಎರಡು ಬಗೆಯ ಊಟ ಸಾಧ್ಯವಿರುವುದರಿಂದಲೇ. ರೋಗಕಾರಕ ಇನ್ನೂ ಬಾರದಿರುವಾಗ ಅದು ಕೊಟ್ಟಿಗೆ ಗೊಬ್ಬರ, ಸೊಪ್ಪು, ದರಕು, ಬೇವಿನ ಹಿಂಡಿ ತಿಂದುಕೊಂಡು ಗಿಡದ ಬುಡದಲ್ಲಿ ಕಾದಿರಬಲ್ಲದು, ರೋಗಕಾರಕ ಬಂದಾಗ ಅದರ ಮೇಲೆ ತಿರುಗಬಲ್ಲದು. ಕಾಯುವ ಕಾಲದಲ್ಲಿ ಊಟವಿಲ್ಲದ ಬರಿಯ ಮಣ್ಣಿಗೆ ಪೊಟ್ಟಣದ ಪುಡಿಯನ್ನು ಉದುರಿಸಿ ಬಂದರೆ ಅದು ಹೆಚ್ಚು ಕಾಲ ತನ್ನ ಸಂಖ್ಯೆಯನ್ನು ಉಳಿಸಿಕೊಳ್ಳಲಾರದು. ಆ ಮಣ್ಣಿನಲ್ಲಿ ಮೊದಲೇ ನೆಲೆಸಿರುವ ಬ್ಯಾಕ್ಟೀರಿಯಗಳೂ ಶಿಲೀಂಧ್ರಗಳೂ ಹೊಸಬನಿಗೆ ಜಾಗ ಬಿಟ್ಟುಕೊಡುವುದಿಲ್ಲ.

ಕಾಳುಮೆಣಸಿನ ಶೀಘ್ರ ಸೊರಗು ರೋಗವನ್ನೇ ತೆಗೆದುಕೊಳ್ಳೋಣ. ಅದರ ಕಾರಣ ಫೈಟಾಫ್ತೊರಾ ಕ್ಯಾಪ್ಸಿಸಿ. ನಾವು ವಾಡಿಕೆಯಲ್ಲಿ ಇದನ್ನೂ ಶಿಲೀಂಧ್ರವೆನ್ನುತ್ತೇವೆ, ಆದರೆ ವಂಶದಲ್ಲಿ ಇದು ಶಿಲೀಂಧ್ರಗಳಿಗಿಂತ ಕಂದು ಪಾಚಿಗಳಿಗೆ ಹತ್ತಿರದ ನೆಂಟ. ಇದರ ಕೋಶಭಿತ್ತಿಯಲ್ಲಿ ಕೈಟಿನ್‌ಗಿಂತ ಗ್ಲೂಕನ್ ಮತ್ತು ಸೆಲ್ಯುಲೋಸ್ ಮುಖ್ಯವಾಗಿವೆ. ಇವೆರಡನ್ನೂ ಕರಗಿಸುವ ಕಿಣ್ವಗಳು ಟ್ರೈಕೋಡರ್ಮಾದಲ್ಲಿ ಇವೆ. ಹೀಗಿದ್ದೂ ಬಳ್ಳಿ ಸಾಯುವುದೇಕೆಂದರೆ, ಫೈಟಾಫ್ತೊರಾ ಮಳೆನೀರಿನಲ್ಲಿ ಈಜುವ ಬೀಜಾಣುಗಳನ್ನು ಬಿಡುತ್ತದೆ, ಅವು ಕೆಲವೇ ಗಂಟೆಗಳಲ್ಲಿ ಬೇರನ್ನೋ ಬುಡವನ್ನೋ ನೆಲಕ್ಕೆ ತಾಗಿದ ಎಲೆಯನ್ನೋ ಹುಡುಕಿ ಅಂಟಿಕೊಳ್ಳುತ್ತವೆ. ಬುಡದ ಕಾಂಡಕ್ಕೆ ರೋಗ ಇಳಿದರೆ ಎರಡು ಮೂರು ವಾರಗಳಲ್ಲಿ ಇಡೀ ಬಳ್ಳಿ ಎಲೆಯುದುರಿಸಿ, ಗಂಟು ಗಂಟಿಗೆ ಕಳಚಿ ಬೀಳುತ್ತದೆ. ಎಲೆ ಬಾಡಿದ್ದನ್ನು ಕಂಡ ಮೇಲೆ ಬುಡಕ್ಕೆ ಪರಾವಲಂಬಿಯನ್ನು ಹಾಕಿದರೆ ಅದು ಕೊಳೆತ ಬೇರನ್ನು ಸೊಗಸಾಗಿ ತಿಂದು ಬೆಳೆಯುತ್ತದೆಯೇ ಹೊರತು ಬಳ್ಳಿಗೆ ಜೀವ ತರುವುದಿಲ್ಲ.

ಆದ್ದರಿಂದ ಮುಂಗಾರು ಹಿಡಿಯುವ ಮೊದಲೇ, ಭೂಮಿ ತೇವಗೊಂಡ ಮೇ ಕೊನೆ ಅಥವಾ ಜೂನ್ ಮೊದಲಲ್ಲಿ ಒಮ್ಮೆ, ಮತ್ತೆ ಆಗಸ್ಟ್ ಸೆಪ್ಟೆಂಬರಿನಲ್ಲಿ ಇನ್ನೊಮ್ಮೆ ಕೊಡುವ ಕ್ರಮ ರೂಢಿಗೆ ಬಂದಿದೆ. ಕೊಡುವ ಮುಂಚೆ ಅದನ್ನು ಗೊಬ್ಬರದಲ್ಲಿ ಬೆಳೆಸುವುದು ನನ್ನ ದೃಷ್ಟಿಯಲ್ಲಿ ಎಲ್ಲಕ್ಕಿಂತ ಮುಖ್ಯ. ಒಂದು ಕಿಲೋ ಪುಡಿಯನ್ನು ಸುಮಾರು 100 ಕಿಲೋ ಚೆನ್ನಾಗಿ ಕಳಿತ ಕೊಟ್ಟಿಗೆ ಗೊಬ್ಬರಕ್ಕೆ ಒಂದಿಷ್ಟು ಬೇವಿನ ಹಿಂಡಿಯೊಡನೆ ಬೆರೆಸಿ, ಹಿಂಡಿದರೆ ನೀರು ತೊಟ್ಟಿಕ್ಕದ ಹದಕ್ಕೆ ತೇವ ಮಾಡಿ, ನೆರಳಿನಲ್ಲಿ ರಾಶಿ ಹಾಕಿ, ಒದ್ದೆ ಗೋಣಿಚೀಲ ಮುಚ್ಚಿಡಬೇಕು. ನಾಲ್ಕೈದು ದಿನಕ್ಕೊಮ್ಮೆ ರಾಶಿ ಮಗುಚಿದರೆ ಎರಡು ವಾರದೊಳಗೆ ಗೊಬ್ಬರದ ಮೇಲೆ ಮೊದಲು ಬಿಳಿಯ, ಆಮೇಲೆ ಕಡುಹಸಿರಿನ ಪದರ ಕಾಣಿಸುತ್ತದೆ. ಹಾಲಿಗೆ ಹೆಪ್ಪು ಹಾಕುವ ಕೆಲಸಕ್ಕೂ ಇದಕ್ಕೂ ವ್ಯತ್ಯಾಸವಿಲ್ಲ: ಹೆಪ್ಪಿನ ಚಮಚದಿಂದಲೇ ಊಟ ಮುಗಿಸಲು ಯಾರೂ ಹೋಗುವುದಿಲ್ಲ. ಕೆಲವು ತಳಿಗಳಲ್ಲಿ ಈ ಹಂತದಲ್ಲಿ ಹಸಿ ತೆಂಗಿನಕಾಯಿಯ ಪರಿಮಳ ಬರುವುದುಂಟು. ಅದು ಪೆಂಟೈಲ್ ಪೈರೋನ್ ಎಂಬ ವಸ್ತುವಿನದು, ಬೇರೆ ಶಿಲೀಂಧ್ರಗಳ ಬೆಳವಣಿಗೆಯನ್ನು ತಡೆಯುವ ಗುಣ ಈ ವಸ್ತುವಿಗೂ ಇದೆ. ಹೀಗೆ ಬೆಳೆದು ಬಂದ ಗೊಬ್ಬರವನ್ನು ಬಳ್ಳಿಯ ಬುಡದ ಸುತ್ತ ಹಾಕಿ ಸೊಪ್ಪು ಹೊದಿಸಿದರೆ, ಶಿಲೀಂಧ್ರದ ಜೊತೆಗೆ ಅದರ ಬುತ್ತಿಯನ್ನೂ ಕಟ್ಟಿ ಕಳಿಸಿದ ಹಾಗಾಗುತ್ತದೆ. ಮಲೆನಾಡಿನ ಹುಳಿ ಮಣ್ಣು ಅದಕ್ಕೆ ಚೆನ್ನಾಗಿ ಒಗ್ಗುತ್ತದೆ.

ಇದರ ಜೊತೆಗೆ ಬಸಿಗಾಲುವೆ ಸರಿಯಿರಬೇಕು, ನೆಲದ ಮೇಲೆ ಹರಿದ ಬಳ್ಳಿಗಳನ್ನು ಕತ್ತರಿಸಬೇಕು ಅಥವಾ ಮೇಲೆತ್ತಿ ಕಟ್ಟಬೇಕು, ಸತ್ತ ಬಳ್ಳಿಯನ್ನು ಬೇರುಸಮೇತ ಕಿತ್ತು ಸುಡಬೇಕು. ಬುಡದಲ್ಲಿ ನೀರು ನಿಂತ ತೋಟದಲ್ಲಿ ಯಾವ ಪರಾವಲಂಬಿಯೂ ಫೈಟಾಫ್ತೊರಾದ ಈಜುವ ಬೀಜಾಣುಗಳನ್ನು ಬೆನ್ನಟ್ಟಿ ಹಿಡಿಯಲಾರದು.

ರಾಸಾಯನಿಕಗಳೊಡನೆ ಇದನ್ನು ಹೇಗೆ ಹೊಂದಿಸುವುದೆಂದು ಬಹಳ ಜನ ಕೇಳುತ್ತಾರೆ. ಶಿಲೀಂಧ್ರನಾಶಕವೆಂದರೆ ಶಿಲೀಂಧ್ರವನ್ನು ಕೊಲ್ಲುವ ವಸ್ತು, ಅದಕ್ಕೆ ನಮ್ಮವ ಪರರವ ಎಂಬ ಭೇದ ತಾನಾಗಿ ತಿಳಿಯುವುದಿಲ್ಲ. ಕಾರ್ಬೆಂಡಜಿಮ್ ಟ್ರೈಕೋಡರ್ಮಾವನ್ನು ಅತಿ ಕಡಿಮೆ ಪ್ರಮಾಣದಲ್ಲಿಯೂ ತಡೆಯುತ್ತದೆ. ಫೈಟಾಫ್ತೊರಾ ವರ್ಗಕ್ಕೆಂದೇ ಇರುವ ಮೆಟಲಾಕ್ಸಿಲ್ ಅದಕ್ಕೆ ಅಷ್ಟಾಗಿ ಹಾನಿ ಮಾಡುವುದಿಲ್ಲ, ಕಾರಣ ಟ್ರೈಕೋಡರ್ಮಾ ನಿಜವಾದ ಶಿಲೀಂಧ್ರ, ಫೈಟಾಫ್ತೊರಾ ಬೇರೆ ವಂಶದ್ದು. ಮೈಲುತುತ್ತ ಮತ್ತು ಸುಣ್ಣದ ಬೋರ್ಡೋ ದ್ರಾವಣವನ್ನು ಎಲೆ ಮತ್ತು ಗೊನೆಗಳಿಗೆ ಸಿಂಪಡಿಸಲು ಅಡ್ಡಿಯಿಲ್ಲ, ಆದರೆ ಬುಡಕ್ಕೆ ತಾಮ್ರದ ದ್ರಾವಣ ಸುರಿದ ವಾರದಲ್ಲಿಯೇ ಬುಡಕ್ಕೆ ಟ್ರೈಕೋಡರ್ಮಾ ಕೊಡುವುದು ಎರಡು ಖರ್ಚನ್ನೂ ವ್ಯರ್ಥ ಮಾಡಿದಂತೆ. ನಡುವೆ ಕೆಲವು ವಾರಗಳ ಅಂತರವಿರಲಿ. 1910ರ ಸುಮಾರಿಗೆ ಮೈಸೂರು ಸಂಸ್ಥಾನದಲ್ಲಿ ಲೆಸ್ಲಿ ಕೋಲ್ಮನ್ ಅಡಿಕೆಯ ಕೊಳೆರೋಗವನ್ನು ಅಭ್ಯಾಸ ಮಾಡಿ, ಗೊನೆಗೆ ಬೋರ್ಡೋ ಹೊಡೆಯುವ ಪದ್ಧತಿಯನ್ನು ಮಲೆನಾಡಿಗೆ ಕಲಿಸಿದರು. ಮರದ ತುದಿಯಲ್ಲಿ, ಸುರಿಯುವ ಮಳೆಯಲ್ಲಿ, ಗೊಬ್ಬರವೂ ಮಣ್ಣೂ ಇಲ್ಲದ ಗೊನೆಯ ಮೇಲೆ ಬರುವ ಆ ರೋಗಕ್ಕೆ ಮಣ್ಣಿನ ಪರಾವಲಂಬಿಯಿಂದ ನೇರ ಪರಿಹಾರ ಸಿಕ್ಕೀತೆಂದು ನಾನು ಭಾವಿಸುವುದಿಲ್ಲ. ಅಲ್ಲಿ ಬೋರ್ಡೋಗೆ ಇನ್ನೂ ಸ್ಥಾನವಿದೆ.

ಪೊಟ್ಟಣದ ವಿಷಯಕ್ಕೆ ಬಂದರೆ, ನಮ್ಮ ದೇಶದ ನಿಯಮದ ಪ್ರಕಾರ ಪ್ರತಿ ಗ್ರಾಮಿನಲ್ಲಿ ಕನಿಷ್ಠ 20 ಲಕ್ಷ ಜೀವಂತ ಘಟಕಗಳು ಇರಬೇಕು. ಟಾಲ್ಕ್ ಪುಡಿಯಲ್ಲಿ ಬೆರೆಸಿದ ಬೀಜಾಣುಗಳ ಸಂಖ್ಯೆ ತಿಂಗಳು ಕಳೆದಂತೆ ಇಳಿಯುತ್ತದೆ, ಬಿಸಿಲು ಬೀಳುವ ಗೋಡೆಯ ಪಕ್ಕದಲ್ಲಿ ಪೇರಿಸಿಟ್ಟರೆ ಇನ್ನೂ ಬೇಗ ಇಳಿಯುತ್ತದೆ. ತಯಾರಾದ ದಿನಾಂಕ ನೋಡದೆ ಕೊಳ್ಳಬಾರದು. ಹತ್ತಿರದ ಕೃಷಿ ವಿಜ್ಞಾನ ಕೇಂದ್ರದಲ್ಲಿಯೋ ವಿಶ್ವವಿದ್ಯಾಲಯದ ಪ್ರಯೋಗಾಲಯದಲ್ಲಿಯೋ ಇತ್ತೀಚೆಗೆ ತಯಾರಾದದ್ದು ಸಿಕ್ಕರೆ ಅದೇ ಉತ್ತಮ. ಪೊಟ್ಟಣದ ಮೇಲೆ ಟ್ರೈಕೋಡರ್ಮಾ ವಿರಿಡೆ ಎಂದಿದ್ದರೂ ಒಳಗಿರುವುದು ಹಲವು ಸಲ ಟ್ರೈಕೋಡರ್ಮಾ ಆಸ್ಪೆರೆಲ್ಲಮ್ ಆಗಿರುತ್ತದೆ. ಇವೆರಡು ಬೇರೆ ಬೇರೆ ಎಂದು 1999ರಲ್ಲಷ್ಟೇ ನಿರ್ಧಾರವಾಯಿತು, ಹಳೆಯ ಹೆಸರು ವ್ಯಾಪಾರದಲ್ಲಿ ಹಾಗೆಯೇ ಉಳಿದುಕೊಂಡಿದೆ. ಇದರಿಂದ ರೈತನಿಗೆ ನಷ್ಟವೇನಿಲ್ಲ.

ಟ್ರೈಕೋಡರ್ಮಾ ಬೇರಿನ ಹೊರಪದರಗಳಲ್ಲಿ ಸೇರಿಕೊಂಡು ಗಿಡದ ಸ್ವಂತ ರಕ್ಷಣಾ ಶಕ್ತಿಯನ್ನು ಎಚ್ಚರಿಸುತ್ತದೆ ಎಂಬುದು ಕಳೆದ ಕೆಲವು ದಶಕಗಳ ಸಂಶೋಧನೆಯಿಂದ ತಿಳಿದಿದೆ. ಬುಡಕ್ಕೆ ಕೊಟ್ಟದ್ದು ಎಲೆಯ ರೋಗವನ್ನೂ ಒಂದಿಷ್ಟು ತಗ್ಗಿಸುವುದಕ್ಕೆ ಇದೇ ಕಾರಣವೆನ್ನುತ್ತಾರೆ. ಇದು ಪರಾವಲಂಬನೆಯ ಮಾತಲ್ಲವಾದ್ದರಿಂದ ಇಷ್ಟಕ್ಕೇ ಬಿಡುತ್ತೇನೆ.

ಅಣಬೆ ಬೆಳೆಯುವವರಿಗೆ ಮಾತ್ರ ಒಂದು ಎಚ್ಚರಿಕೆ ಹೇಳಲೇಬೇಕು. ಶಿಲೀಂಧ್ರವನ್ನು ತಿನ್ನುವ ಜೀವಿಗೆ ಅಣಬೆಯೂ ಶಿಲೀಂಧ್ರವೇ. 1980ರ ದಶಕದ ಮಧ್ಯದಲ್ಲಿ ಐರ್ಲೆಂಡಿನ ಬಟನ್ ಅಣಬೆಯ ಮನೆಗಳಲ್ಲಿ ಕಾಣಿಸಿಕೊಂಡ ಹಸಿರು ಬೂಷ್ಟು ಅಲ್ಲಿನ ಉದ್ಯಮಕ್ಕೆ ದೊಡ್ಡ ಪೆಟ್ಟು ಕೊಟ್ಟಿತು, ಮುಂದಿನ ದಶಕದಲ್ಲಿ ಉತ್ತರ ಅಮೆರಿಕದಲ್ಲಿಯೂ ಅದೇ ಬಗೆಯ ಹಾವಳಿ ಆಯಿತು. ಅದಕ್ಕೆ ಕಾರಣವಾದದ್ದು ಟ್ರೈಕೋಡರ್ಮಾ ಅಗ್ರೆಸಿವಮ್ ಎಂಬ ಪ್ರಭೇದ. ಚಿಪ್ಪು ಅಣಬೆಯ ಹುಲ್ಲಿನ ಚೀಲಗಳಲ್ಲಿ ಬರುವ ಹಸಿರು ಬೂಷ್ಟೂ ಇದೇ ಕುಲದ್ದು. ಮನೆಯಲ್ಲಿ ಅಣಬೆ ಬೆಳೆಯುವವರು ಅದೇ ಕೊಟ್ಟಿಗೆಯಲ್ಲಿ ಟ್ರೈಕೋಡರ್ಮಾ ಗೊಬ್ಬರದ ರಾಶಿ ಹಾಕಬಾರದು, ಆ ರಾಶಿ ಮಗುಚಿದ ಬಟ್ಟೆಯಲ್ಲಿ ಅಣಬೆ ಕೋಣೆಗೆ ಹೋಗಲೂ ಬಾರದು.

ಈಗ ಇದಕ್ಕೆ ತೀರ ಭಿನ್ನವಾದ, ಒಂದೇ ಬಗೆಯ ಊಟಕ್ಕೆ ಕಟ್ಟುಬಿದ್ದ ಪರಾವಲಂಬಿಯ ಕಡೆಗೆ ಬರುತ್ತೇನೆ. ದ್ರಾಕ್ಷಿ, ಬೆಂಡೆ, ಸೌತೆ, ಗುಲಾಬಿಗಳ ಎಲೆಯ ಮೇಲೆ ಬಿಳಿಯ ಪುಡಿ ಚೆಲ್ಲಿದಂತೆ ಬರುವ ಬೂದಿ ರೋಗದ ಶಿಲೀಂಧ್ರಗಳ ಒಳಗೆ ಆಂಪೆಲೊಮೈಸಿಸ್ ಎಂಬುದು ವಾಸಿಸುತ್ತದೆ. ಅದು ಬೂದಿ ಶಿಲೀಂಧ್ರದ ಎಳೆಯೊಳಗೆ ನುಗ್ಗಿ, ಕೋಶದಿಂದ ಕೋಶಕ್ಕೆ ಹರಡಿ, ಬೂದಿಯ ಬೀಜಾಣು ಹುಟ್ಟಬೇಕಾದ ಕಡ್ಡಿಯೊಳಗೇ ತನ್ನ ಬೀಜಾಣುಗಳ ಪುಟ್ಟ ಗಡಿಗೆಯನ್ನು ಕಟ್ಟುತ್ತದೆ. ಅದು ಅಷ್ಟು ಒಳಗೆ ಸೇರಿಕೊಂಡಿರುವುದರಿಂದ ಹತ್ತೊಂಬತ್ತನೆಯ ಶತಮಾನದ ಹೆಸರಾಂತ ತಜ್ಞರು ಕೂಡ ಆ ಗಡಿಗೆಗಳನ್ನು ಬೂದಿ ಶಿಲೀಂಧ್ರದ ಒಂದು ಅವಸ್ಥೆಯೆಂದೇ ನಂಬಿದ್ದರು. ಅದು ಬೇರೊಂದು ಜೀವಿ, ಬೂದಿಯ ಮೇಲಿನ ಪರಾವಲಂಬಿ ಎಂದು 1870ರಲ್ಲಿ ಸಾಧಿಸಿ ತೋರಿಸಿದವರು ಜರ್ಮನಿಯ ಆಂಟೋನ್ ಡಿ ಬಾರಿ. ವೈಂಡ್ಲಿಂಗ್‌ಗಿಂತ ಅರವತ್ತು ವರ್ಷಗಳಿಗೂ ಹಿಂದೆಯೇ, ಶಿಲೀಂಧ್ರವೊಂದು ಇನ್ನೊಂದು ಶಿಲೀಂಧ್ರವನ್ನು ತಿಂದು ಬದುಕುತ್ತದೆಂಬುದಕ್ಕೆ ಇಷ್ಟು ನಿಖರವಾದ ಸಾಕ್ಷ್ಯ ಸಿಕ್ಕಿತ್ತು.

ಇದನ್ನೂ ಪುಡಿ ಮಾಡಿ ಮಾರುತ್ತಾರೆ, ನಮ್ಮ ದೇಶದಲ್ಲಿಯೂ ಸಿಗುತ್ತದೆ. ಆದರೆ ಇದರ ಬಾಳಿನಲ್ಲಿ ಒಂದು ದೊಡ್ಡ ತೊಡಕಿದೆ. ಬೂದಿ ಶಿಲೀಂಧ್ರಕ್ಕೆ ಎಲೆಯ ಮೇಲೆ ನೀರು ನಿಲ್ಲುವುದು ಬೇಕಿಲ್ಲ, ಒಣ ಹವೆಯಲ್ಲಿ ಅದು ಚೆನ್ನಾಗಿಯೇ ಹಬ್ಬುತ್ತದೆ. ಆಂಪೆಲೊಮೈಸಿಸ್‌ನ ಬೀಜಾಣುಗಳಿಗಾದರೋ ಮೊಳೆಯಲು ನೀರು ಬೇಕು, ಗಡಿಗೆಯಿಂದ ಹೊರಬಂದು ಇನ್ನೊಂದು ಎಲೆಗೆ ಹೋಗಲೂ ಮಳೆಯ ಹನಿ ಬೇಕು. ವಿಜಯಪುರದ ಕಡೆ ಅಕ್ಟೋಬರ್ ಚಾಟ್ನಿಯ (ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸದ) ನಂತರ ಚಳಿ ಹಿಡಿದು, ಮಳೆ ನಿಂತು, ಗೊನೆ ಕಟ್ಟುವ ತಿಂಗಳುಗಳಲ್ಲಿ ಬೂದಿ ರೋಗ ಏರುವಾಗ, ಅದರ ಪರಾವಲಂಬಿ ಅತ್ಯಂತ ದುರ್ಬಲ ಸ್ಥಿತಿಯಲ್ಲಿರುತ್ತದೆ. ಮೇಲಾಗಿ ಬೂದಿಯಿಲ್ಲದ ಎಲೆಯ ಮೇಲೆ ಅದಕ್ಕೆ ತಿನ್ನಲು ಏನೂ ಇಲ್ಲ, ಆದ್ದರಿಂದ ಅದು ಯಾವಾಗಲೂ ರೋಗದ ಹಿಂದೆಯೇ ಬರುತ್ತದೆ. ಮಾರುಕಟ್ಟೆಗೆ ಹೋಗುವ ದ್ರಾಕ್ಷಿಯ ಮೇಲೆ ಒಂದು ಬೂದಿ ಕಲೆಯನ್ನೂ ಸಹಿಸದ ಬೆಳೆಗಾರನಿಗೆ ಇಂತಹ ಹಿಂದೆ ಬರುವ ಸಹಾಯ ಒಂದರಿಂದಲೇ ತೃಪ್ತಿಯಾಗದು. ಸಂಜೆಯ ಹೊತ್ತು, ಇಬ್ಬನಿ ಬೀಳುವ ದಿನಗಳಲ್ಲಿ, ರೋಗ ಇನ್ನೂ ಅಲ್ಪವಾಗಿರುವಾಗ ಸಿಂಪಡಿಸಿದರೆ ಪ್ರಯೋಜನ ಹೆಚ್ಚು ಎಂಬ ಸಲಹೆಯ ಹಿಂದೆ ಇರುವುದು ಈ ಲೆಕ್ಕಾಚಾರವೇ. ಋತುವಿನ ಕೊನೆಗೆ ಎಲೆಗಳ ಮೇಲೆ ಉಳಿದ ಬೂದಿಯನ್ನು ತಗ್ಗಿಸಿ ಮುಂದಿನ ವರ್ಷದ ಬೀಜಾಣುಗಳನ್ನು ಕಡಿಮೆ ಮಾಡುವ ಕೆಲಸಕ್ಕೆ ಇದು ಹೆಚ್ಚು ಒಗ್ಗುತ್ತದೆಂದು ನನಗೆ ತೋರುತ್ತದೆ.

ಕೊನಿಯೋಥೀರಿಯಂ ಮಿನಿಟಾನ್ಸ್ ಎಂಬ ಇನ್ನೊಂದು ಪರಾವಲಂಬಿಯೂ ಊಟದಲ್ಲಿ ಇಷ್ಟೇ ಕಟ್ಟುನಿಟ್ಟು. 1947ರಲ್ಲಿ ಕ್ಯಾಲಿಫೋರ್ನಿಯಾದಿಂದ ವರ್ಣಿತವಾದ ಇದು ಸ್ಕ್ಲೆರೊಟೀನಿಯಾ ಎಂಬ ರೋಗಕಾರಕ ಮಣ್ಣಿನಲ್ಲಿ ಬಿಟ್ಟುಹೋಗುವ ಕಪ್ಪು ಗಟ್ಟಿ ಉಂಡೆಗಳೊಳಗೆ ಹೊಕ್ಕು ಅವನ್ನು ಟೊಳ್ಳು ಮಾಡುತ್ತದೆ. ಯುರೋಪಿನ ತಂಪು ಹೊಲಗಳಲ್ಲಿ ಲೆಟಿಸ್ ಮತ್ತು ಸಾಸಿವೆ ಜಾತಿಯ ಎಣ್ಣೆಕಾಳು ಬೆಳೆಯುವವರು ಇದನ್ನು ಬಿತ್ತನೆಗೆ ತಿಂಗಳುಗಳ ಮೊದಲೇ ಮಣ್ಣಿಗೆ ಸೇರಿಸುತ್ತಾರೆ. ಹಿಂದೆ ಬರುವ ಪರಾವಲಂಬಿಯಾದರೂ ಅದರ ಊಟವಾದ ಉಂಡೆ ವರ್ಷಗಟ್ಟಲೆ ಅಲ್ಲಾಡದೆ ಮಣ್ಣಿನಲ್ಲಿ ಬಿದ್ದಿರುವುದರಿಂದ ಅದಕ್ಕೆ ಸಾವಕಾಶ ಸಿಗುತ್ತದೆ.

ನನ್ನ ಮನಸ್ಸನ್ನು ಎಲ್ಲಕ್ಕಿಂತ ಹೆಚ್ಚು ಹಿಡಿದಿರುವುದು ಕಾಫಿ ಎಲೆಯ ತುಕ್ಕು ಮತ್ತು ಅದರ ಮೇಲೆ ಬೆಳೆಯುವ ಬಿಳಿ ಶಿಲೀಂಧ್ರ. ಹೆಮಿಲಿಯಾ ವಾಸ್ಟಾಟ್ರಿಕ್ಸ್ ಎಂಬ ತುಕ್ಕು 1869ರಲ್ಲಿ ಸಿಲೋನಿನಲ್ಲಿ ಗುರುತಿಸಲ್ಪಟ್ಟು, ಎರಡು ದಶಕಗಳಲ್ಲಿ ಆ ದ್ವೀಪದ ಕಾಫಿಯನ್ನು ಬಹುತೇಕ ಅಳಿಸಿಹಾಕಿತು. ನಮ್ಮ ಕಡೆಗೂ ಅದು ಅದೇ ಹೊತ್ತಿಗೆ ಬಂತು. ಚಿಕ್ಕಮಗಳೂರು ಜಿಲ್ಲೆಯ ಬಾಳೆಹೊನ್ನೂರಿನ ಕಾಫಿ ಸಂಶೋಧನಾ ಕೇಂದ್ರದಲ್ಲಿ 1930ರ ದಶಕದಲ್ಲಿ ಮೇನ್ ಎಂಬ ವಿಜ್ಞಾನಿ, ಈ ತುಕ್ಕು ಒಂದೇ ಬಗೆಯದ್ದಲ್ಲ, ಬೇರೆ ಬೇರೆ ಕಾಫಿ ತಳಿಗಳನ್ನು ಹಿಡಿಯುವ ಬೇರೆ ಬೇರೆ ಉಪಬಗೆಗಳಾಗಿ ಒಡೆದಿದೆ ಎಂದು ಜಗತ್ತಿಗೆ ಮೊದಲು ತೋರಿಸಿದರು. ಅಲ್ಲಿಂದ ಬಂದ ಎಸ್. 795 ಮುಂತಾದ ತಳಿಗಳ ಮೇಲೆ ನಮ್ಮ ಅರೇಬಿಕಾ ಇಂದಿಗೂ ನಿಂತಿದೆ. ತಳಿಯ ನಿರೋಧಕತೆಯನ್ನು ತುಕ್ಕು ಮುರಿಯುತ್ತದೆ, ಮತ್ತೆ ಹೊಸ ತಳಿ ಬೇಕಾಗುತ್ತದೆ. ಈ ಓಟದ ನಡುವೆ, ಎಲೆಯ ಅಡಿಯಲ್ಲಿ ಕಿತ್ತಳೆ ಬಣ್ಣದ ತುಕ್ಕಿನ ಮೇಲೆ ಹತ್ತಿಯಂತೆ ಹಬ್ಬಿ ಅದನ್ನು ತಿಂದು ಬಿಳಿಚಿಸುವ ಒಂದು ಶಿಲೀಂಧ್ರವನ್ನು ಯಾರೂ ಹೆಚ್ಚು ಲೆಕ್ಕಕ್ಕೆ ತೆಗೆದುಕೊಳ್ಳಲಿಲ್ಲ. ಅದನ್ನು ವರ್ಟಿಸಿಲಿಯಂ ಲೆಕಾನೈ ಎಂದು ಬಹುಕಾಲ ಕರೆದರು, ಆಮೇಲೆ ಲೆಕಾನಿಸಿಲಿಯಂ ಎಂದರು, ಈಗ ಅಕಾಂತೊಮೈಸಿಸ್ ಎನ್ನುತ್ತಾರೆ.

ಇದರ ಊಟವೂ ಎರಡು ಬಗೆಯದು. ಆದರೆ ಟ್ರೈಕೋಡರ್ಮಾದಂತೆ ಗೊಬ್ಬರ ಮತ್ತು ಶಿಲೀಂಧ್ರವಲ್ಲ. ಕೀಟ ಮತ್ತು ಶಿಲೀಂಧ್ರ. ಕಾಫಿಯ ಚಿಗುರಿಗೆ ಅಂಟಿ ರಸ ಹೀರುವ ಹಸಿರು ಶಲ್ಕ ಕೀಟವನ್ನು ಇದು ಕೊಲ್ಲುತ್ತದೆ. ಸತ್ತ ಕೀಟದ ಸುತ್ತ ಎಲೆಯ ಮೇಲೆ ಬಿಳಿಯ ವರ್ತುಲ ಮೂಡುತ್ತದೆ. ನೀಲಗಿರಿಯ ಕಾಫಿ ತೋಟಗಳಲ್ಲಿ ಈ ಶಿಲೀಂಧ್ರವನ್ನು ಶಲ್ಕ ಕೀಟದ ಮೇಲೆ ಬಳಸುವ ಪ್ರಯೋಗಗಳು 1970ರ ದಶಕದಲ್ಲಿಯೇ ನಡೆದಿದ್ದವು. ತುಕ್ಕು ಮತ್ತು ಕೀಟ ಎರಡನ್ನೂ ಜೋಡಿಸಿ ನೋಡಿದ್ದು ಮಾತ್ರ ದೂರದ ಮೆಕ್ಸಿಕೊದಲ್ಲಿ. ಮಿಷಿಗನ್ ವಿಶ್ವವಿದ್ಯಾಲಯದ ಜಾನ್ ವಾಂಡರ್‌ಮೀರ್ ಮತ್ತು ಇವೆಟ್ ಪರ್ಫೆಕ್ಟೊ ಚಿಯಾಪಾಸ್ ಪ್ರಾಂತದ ಒಂದು ಸಾವಯವ ಕಾಫಿ ತೋಟದಲ್ಲಿ 45 ಹೆಕ್ಟೇರ್ ಜಾಗವನ್ನು ಗುರುತಿಸಿ, ಅಲ್ಲಿನ ನೆರಳಿನ ಮರಗಳನ್ನೂ ಇರುವೆ ಗೂಡುಗಳನ್ನೂ ವರ್ಷಗಳ ಕಾಲ ಲೆಕ್ಕವಿಟ್ಟರು. ಅಜ್ಟೆಕಾ ಎಂಬ ಇರುವೆ ನೆರಳಿನ ಮರದಲ್ಲಿ ಗೂಡು ಕಟ್ಟಿ, ಸುತ್ತಲಿನ ಕಾಫಿ ಗಿಡಗಳ ಮೇಲೆ ಹಸಿರು ಶಲ್ಕ ಕೀಟವನ್ನು ಅದರ ಸಿಹಿ ದ್ರವಕ್ಕಾಗಿ ಸಾಕುತ್ತದೆ, ವೈರಿಗಳಿಂದ ಕಾಯುತ್ತದೆ. ಕಾವಲು ಚೆನ್ನಾಗಿದ್ದಷ್ಟೂ ಕೀಟ ದಟ್ಟವಾಗುತ್ತದೆ, ದಟ್ಟವಾದಷ್ಟೂ ಬಿಳಿ ಶಿಲೀಂಧ್ರದ ರೋಗ ಅದರಲ್ಲಿ ಸುಲಭವಾಗಿ ಹಬ್ಬುತ್ತದೆ. ಹಾಗೆ ಹಬ್ಬಿದ ಕಡೆಗಳ ಸುತ್ತಲಿನ ಗಿಡಗಳಲ್ಲಿ ಮುಂದೆ ತುಕ್ಕು ಕಡಿಮೆ ಕಂಡುಬಂದಿತು.

ಎಂದರೆ, ತುಕ್ಕಿಲ್ಲದ ಕಾಲದಲ್ಲಿ ತುಕ್ಕಿನ ಪರಾವಲಂಬಿಯನ್ನು ಜೀವಂತವಾಗಿ ಇಟ್ಟದ್ದು ಒಂದು ಕೀಟ, ಆ ಕೀಟವನ್ನು ಇಟ್ಟದ್ದು ಒಂದು ಇರುವೆ, ಇರುವೆಯನ್ನು ಇಟ್ಟದ್ದು ಒಂದು ನೆರಳಿನ ಮರ. ಕೀಟಕ್ಕಾಗಿ ಇರುವೆಯನ್ನು ಕೊಂದರೆ ಅಥವಾ ಇಳುವರಿಗಾಗಿ ನೆರಳನ್ನು ತೆಗೆದರೆ ಈ ಸರಣಿಯಲ್ಲಿ ಎಲ್ಲೋ ಒಂದು ಕೊಂಡಿ ಕಳಚುತ್ತದೆ. ಇದರಿಂದ ತುಕ್ಕು ರೋಗವೇ ನಿಂತುಹೋಗುತ್ತದೆಂದು ಆ ಸಂಶೋಧಕರೂ ಹೇಳಲಿಲ್ಲ, ಅವರು ಕಂಡ ಪರಿಣಾಮ ಇರುವೆ ಗೂಡುಗಳ ಸುತ್ತಮುತ್ತಲಿನದು. 2012–13ರಲ್ಲಿ ಮಧ್ಯ ಅಮೆರಿಕವನ್ನು ಆವರಿಸಿದ ತುಕ್ಕಿನ ಮಹಾಪಿಡುಗಿನ ಮುಂದೆ ಬಿಳಿ ಶಿಲೀಂಧ್ರ ನಿಲ್ಲಲಾಗಲಿಲ್ಲ. ಪರಾವಲಂಬಿ ತನ್ನ ಊಟವನ್ನು ಪೂರ್ತಿ ತೀರಿಸಿದರೆ ತಾನೂ ಉಳಿಯುವುದಿಲ್ಲವಾದ್ದರಿಂದ, ಅದು ರೋಗವನ್ನು ಒಂದು ಮಟ್ಟದ ಕೆಳಗೆ ಇಡಬಲ್ಲದು, ಅಷ್ಟೆ. ಆ ಮಟ್ಟ ನಮಗೆ ಸಾಕೇ ಎಂಬುದನ್ನು ಬೆಳೆಯ ಬೆಲೆ, ತಳಿ ಮತ್ತು ಆ ವರ್ಷದ ಮಳೆ ನಿರ್ಧರಿಸುತ್ತವೆ.

ಕೊಡಗು, ಹಾಸನ, ಚಿಕ್ಕಮಗಳೂರಿನ ಕಾಫಿ ಜಗತ್ತಿನಲ್ಲಿಯೇ ಹೆಚ್ಚು ನೆರಳಿನಲ್ಲಿ ಬೆಳೆಯುವ ಕಾಫಿಗಳಲ್ಲಿ ಒಂದು. ನಮ್ಮಲ್ಲಿ ಶಲ್ಕ ಕೀಟವೂ ಇದೆ, ಅದನ್ನು ಸಾಕುವ ಇರುವೆಗಳೂ ಇವೆ, ಮಳೆಗಾಲದಲ್ಲಿ ಬಿಳಿ ಶಿಲೀಂಧ್ರವೂ ಕಾಣುತ್ತದೆ. ಅತ್ತಿ, ನೇರಳೆ, ಬೀಟೆ ಬೆರೆತ ಹಳೆಯ ನೆರಳಿನ ತೋಟಕ್ಕೂ, ಸಾಲಾಗಿ ಸಿಲ್ವರ್ ಓಕ್ ನೆಟ್ಟ ತೋಟಕ್ಕೂ ನಡುವೆ ಈ ಶಿಲೀಂಧ್ರದ ಬಾಳ್ವೆಯಲ್ಲಿ ಏನು ವ್ಯತ್ಯಾಸವಿದೆ ಎಂಬುದನ್ನು ಚಿಯಾಪಾಸಿನಲ್ಲಿ ಮಾಡಿದಷ್ಟೇ ತಾಳ್ಮೆಯಿಂದ ನಮ್ಮ ನೆಲದಲ್ಲಿ ಯಾರಾದರೂ ಅಳೆಯಬೇಕೆಂಬುದು ನನ್ನ ಬಹುದಿನದ ಆಸೆ. ಅಲ್ಲಿಯವರೆಗೆ ಅರೇಬಿಕಾ ಬೆಳೆಗಾರರಲ್ಲಿ ನನ್ನದೊಂದು ಕೋರಿಕೆಯಿದೆ. ಮಳೆಗಾಲದ ನಂತರದ ಸಿಂಪಡಣೆಗೆ ಮುಂಚೆ ತೋಟದ ನಾಲ್ಕಾರು ಕಡೆ ಎಲೆಗಳನ್ನು ತಿರುಗಿಸಿ ನೋಡಿ, ಕಿತ್ತಳೆ ಕಲೆಗಳಲ್ಲಿ ಎಷ್ಟು ಬಿಳಿಯಾಗಿವೆ ಎಂದು ಎಣಿಸಿ, ಸಿಂಪಡಣೆಯ ದಿನಾಂಕದ ಪಕ್ಕದಲ್ಲಿ ಅದನ್ನೂ ತೋಟದ ಪುಸ್ತಕದಲ್ಲಿ ಬರೆದಿಡಿ. ಅದೇ ಗಿಡಗಳನ್ನು ಮರುವರ್ಷವೂ ನೋಡಿ ಬರೆಯಿರಿ. ಬಿಳಿ ಕಲೆಗಳು ಹೆಚ್ಚಾಗಿರುವ ಭಾಗದಲ್ಲಿ ಕೆಲವು ಸಾಲುಗಳನ್ನಾದರೂ ಸಿಂಪಡಿಸದೆ ಬಿಟ್ಟು, ಉಳಿದ ಸಾಲುಗಳೊಂದಿಗೆ ಹೋಲಿಸಲು ಸಾಧ್ಯವಾದರೆ ಇನ್ನೂ ಒಳ್ಳೆಯದು.